ಹಿಂದಿನ ಸೀಟಿನ ತೆಂಗಿನಕಾಯಿ

ನನ್ನ ಮಾವನವರ ಎಡ ಮೊಣಕಾಲು ಆಪರೇಷನ್ ಆದಮೇಲೆ ಸರಿಯಾಗಿ ಮಡಚಲು ಬರುತ್ತಿರಲಿಲ್ಲ. ಕ್ಲಚ್ ಒತ್ತುವ ಗಾಡಿ ಇನ್ನು ಮುಟ್ಟಬೇಡಿ ಎಂದು ಡಾಕ್ಟರು ಹೇಳಿದ ದಿನ ಅವರು ಸರಿಯಾಗಿ ಊಟವನ್ನೂ ಮಾಡಲಿಲ್ಲ. ಡೊಂಬಿವಲಿಯಲ್ಲಿ ಅವರದೊಂದು ಉಡುಪಿ ಹೋಟೆಲು. ಗಲ್ಲಾವನ್ನು ಮಗನಿಗೆ, ಅಂದರೆ ನನ್ನ ಗಂಡನಿಗೆ, ಬಿಟ್ಟುಕೊಟ್ಟಾಗಿತ್ತು. ವಾರಕ್ಕೆರಡು ಬೆಳಿಗ್ಗೆ ತಾವೇ ಕಾರು ಓಡಿಸಿಕೊಂಡು ವಾಶಿ ಮಾರ್ಕೆಟ್ಟಿಗೆ ಹೋಗಿ ಹೋಟೆಲಿಗೆ ತೆಂಗಿನಕಾಯಿ ತರುವುದೊಂದನ್ನು ಮಾತ್ರ ಅವರು ಕೈಯಲ್ಲಿ ಇಟ್ಟುಕೊಂಡಿದ್ದರು. ಆ ಬೆಳಿಗ್ಗೆಗಳಲ್ಲಿ ಅವರ ನಡಿಗೆಯೇ ಬೇರೆ, ಮಾತೇ ಬೇರೆ.

ಹಾಗಾಗಿ ನಮ್ಮ ಮನೆಗೆ ಹೈಬ್ರಿಡ್ ಕಾರು ಬಂತು. ಪೆಟ್ರೋಲಿನಲ್ಲೂ ಓಡುತ್ತದೆ, ದೊಡ್ಡದೊಂದು ಬ್ಯಾಟರಿಯ ಬಲದಲ್ಲೂ ಓಡುತ್ತದೆ ಎಂದರೆ ಆಗ ನಮ್ಮ ಬಿಲ್ಡಿಂಗಿನವರು ನಂಬುತ್ತಿರಲಿಲ್ಲ. ಯಾರೋ ಆಫೀಸರು ವರ್ಗವಾಗಿ ಹೋಗುವಾಗ ಮಾರಿದ ಹಳೆಯ ಗಾಡಿ ಅದು. ಕ್ಲಚ್ಚಿಲ್ಲ, ಗೇರು ಬದಲಿಸುವ ತಾಪತ್ರಯವಿಲ್ಲ, ಬಲಗಾಲೊಂದಿದ್ದರೆ ಸಾಕು. ಮಾರ್ಕೆಟ್ಟಿನ ದಿನ ಬಿಟ್ಟು ಉಳಿದ ದಿನ ನಾನು ಅದರಲ್ಲಿ ಬೇಲಾಪುರದ ಆಫೀಸಿಗೆ ಹೋಗುತ್ತಿದ್ದೆ. ಲೋಕಲ್ ಟ್ರೈನಿನ ನೂಕುನುಗ್ಗಲು ತಪ್ಪಿತಲ್ಲ ಎಂದು ನನಗೂ ಒಳಗೊಳಗೇ ಖುಷಿ.

ಒಂದು ಬೇಸಿಗೆಯಲ್ಲಿ ಕಾರು ಕೈಕೊಡಲು ಶುರುಮಾಡಿತು. ಮಾವ ಮಾರ್ಕೆಟ್ಟಿನಿಂದ ಬರುವಾಗ ಶಿಳ್‌ಫಾಟಾದ ಹತ್ತಿರ ಸ್ಟೇರಿಂಗಿನ ಮುಂದೆ ಕೆಂಪು ದೀಪ ಹೊತ್ತಿಕೊಳ್ಳುವುದು, ಗಾಡಿ ಎಷ್ಟು ಒತ್ತಿದರೂ ಎಳೆಯದೆ ತೆವಳುವುದು. ಬಿಲ್ಡಿಂಗಿನ ಕೆಳಗಿನ ಗ್ಯಾರೇಜಿನವನು ಬಾನೆಟ್ ಎತ್ತಿ ನೋಡಿ, ಬಿಸಿಯಾಗಿದೆ ಎಂದು ರೇಡಿಯೇಟರ್ ತೊಳೆದು ಹೊಸ ಕೂಲೆಂಟ್ ತುಂಬಿದ. ಮುಂದಿನ ಮಾರ್ಕೆಟ್ಟಿನ ದಿನ ಮತ್ತೆ ಕೆಂಪು ದೀಪ. ಅವನು ಮತ್ತೆ ತೊಳೆದ. ಅಷ್ಟು ತೊಳೆದಿದ್ದರೆ ನಮ್ಮ ಮನೆಯ ನೀರಿನ ಟ್ಯಾಂಕಾದರೂ ಚೊಕ್ಕಟವಾಗಿರುತ್ತಿತ್ತು. ಕೊನೆಗೆ ಠಾಣೆಯ ದೊಡ್ಡ ಗ್ಯಾರೇಜಿಗೆ ಒಯ್ದೆವು. ಅಲ್ಲಿ ಕಂಪ್ಯೂಟರು ಸಿಕ್ಕಿಸಿ ನೋಡಿ, ಬಿಸಿಯಾಗುತ್ತಿರುವುದು ಇಂಜಿನ್ ಅಲ್ಲ, ಬ್ಯಾಟರಿ ಎಂದು ಹೇಳಿ, ಬ್ಯಾಟರಿಯನ್ನೇ ಬದಲಿಸಿ ಎಂದರು. ಅವರು ಹೇಳಿದ ದರ ಕೇಳಿ ನನ್ನ ಗಂಡ ಅಲ್ಲೇ ತೀರ್ಮಾನ ಮಾಡಿದ.

"ಬೇಚ್ ಡಾಲೋ. ಮಾರಿಬಿಡೋಣ."

"ನಾನು ಓಡಿಸುವಾಗ ಆ ದೀಪ ಒಂದು ಸಲವೂ ಬಂದಿಲ್ಲ. ಗಾಡಿ ಕೆಟ್ಟಿದ್ದರೆ ನನಗೂ ಕೈಕೊಡಬೇಕಿತ್ತಲ್ಲ?" ಎಂದೆ. ಕಾರನ್ನು ಉಳಿಸಲೆಂದು ಆಡಿದ ಮಾತು ಅದು. ಅವನು ಅದನ್ನೇ ತಿರುಗಿಸಿ ಹಿಡಿದ.

"ಅದೇ ತೋ ನಾನೂ ಹೇಳ್ತಿರೋದು. ಅಪ್ಪನ ಡ್ರೈವಿಂಗೇ ಪ್ರಾಬ್ಲಮ್. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಓಡಿಸ್ತಾರೆ. ವಯಸ್ಸಾಯ್ತು, ಬಸ್, ಸಾಕು ಈಗ."

ಮಾವ ಪಕ್ಕದಲ್ಲೇ ಕೂತಿದ್ದರು. ಅಪ್ಪ ಮಗ ಸಾಮಾನ್ಯವಾಗಿ ತುಳುವಿನಲ್ಲೇ ಜಗಳವಾಡುವುದು. ಮೈಸೂರಿನವಳಾದ ನನ್ನ ಸಲುವಾಗಿ ಮಾತ್ರ ಕನ್ನಡಕ್ಕೆ ಬರುತ್ತಾರೆ. ಆವತ್ತು ಮಾವ ಯಾವ ಭಾಷೆಯಲ್ಲೂ ಜಗಳವಾಡಲಿಲ್ಲ. "ಹೌದೋ ಏನೋ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದರು. ಇಡ್ಲಿ ಒಂದು ಚೂರು ಗಟ್ಟಿಯಾದರೆ ಇಡೀ ಅಡುಗೆಮನೆಯನ್ನು ನಡುಗಿಸುತ್ತಿದ್ದ ಮನುಷ್ಯ ಹಾಗೆ ಸುಮ್ಮನಾದದ್ದು ನೋಡಿ ನನಗೆ ಪಿತ್ತ ನೆತ್ತಿಗೇರಿತು. ಮಾರ್ಕೆಟ್ಟಿನ ದಿನ ಆಫೀಸಿಗೆ ರಜಾ ಹಾಕಿ ಅವರ ಜೊತೆ ನಾನೇ ಹೊರಟೆ. ಅವರು ಹೇಗೆ ಓಡಿಸುತ್ತಾರೆ ಎಂಬುದನ್ನು ನನ್ನ ಕಣ್ಣಾರೆ ನೋಡಬೇಕಿತ್ತು.

ಓಡಿಸುವುದರಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ನನಗಿಂತ ಚೆನ್ನಾಗಿ ಓಡಿಸುತ್ತಿದ್ದರು, ಅದನ್ನು ನಾನು ಗಂಡನ ಮುಂದೆ ಹೇಳುವುದಿಲ್ಲ ಅಷ್ಟೆ. ಮಾರ್ಕೆಟ್ಟಿನಲ್ಲಿ ಅವರು ಕುಂಟುವುದೂ ಕಾಣಲಿಲ್ಲ. ಒಂದೊಂದು ಕಾಯಿಯನ್ನೂ ಬೆರಳಿನಿಂದ ಬಡಿದು, ಕಿವಿಯ ಹತ್ತಿರ ಅಲ್ಲಾಡಿಸಿ, ವ್ಯಾಪಾರಿಯ ಜೊತೆ ಮರಾಠಿಯಲ್ಲಿ ಹಾಸ್ಯ ಮಾಡಿ, ಪಕ್ಕದ ಅಂಗಡಿಯವನಿಗೂ ಯಾವ ರಾಶಿ ಒಳ್ಳೆಯದೆಂದು ಸಲಹೆ ಕೊಟ್ಟರು. ಎಲ್ಲರೂ "ಅಣ್ಣಾ, ಅಣ್ಣಾ" ಎಂದು ಕರೆದು ಚಹಾ ಕುಡಿಸಿದರು. ಆಮೇಲೆ ಅವರು ಕಾರಿನ ಹಿಂದಿನ ಬಾಗಿಲು ತೆಗೆದು ಸೀಟಿನ ಮೇಲೆ, ಬೆನ್ನೊರಗುವ ಕಡೆ, ಎರಡೂ ಬದಿಗೆ, ಮಗುವಿಗೆ ಹಾಸಿಗೆ ಹಾಸುವಷ್ಟು ಮುತುವರ್ಜಿಯಿಂದ ಗೋಣಿತಟ್ಟು ಹಾಸಿದರು. ಡಿಕ್ಕಿಯಲ್ಲಿ ಜಾಗವೇ ಇಲ್ಲ, ಅರ್ಧ ಭಾಗ ಬ್ಯಾಟರಿ ನುಂಗಿದೆ. ಹಾಗಾಗಿ ಜುಟ್ಟು ಬಿಟ್ಟ ತೆಂಗಿನಕಾಯಿಗಳೆಲ್ಲ ನೆಂಟರ ಹಾಗೆ ಹಿಂದಿನ ಸೀಟಿನಲ್ಲಿ ಕೂತವು.

ವಾಪಸು ಹೊರಟಾಗ ಬಿಸಿಲು ಏರಿತ್ತು. ನಾನು ಎಸಿಗೆ ಕೈ ಹಾಕಿದೆ.

"ಅದು ಎಂತಕ್ಕೆ? ಕಿಟಕಿ ಉಂಟಲ್ಲ" ಎಂದರು ಮಾವ.

ಮಹಾಪೆ ದಾಟುತ್ತಿದ್ದಂತೆ ಬೆನ್ನ ಹಿಂದಿನಿಂದ ಗುಂಯ್ ಎನ್ನುವ ಸದ್ದು ಶುರುವಾಯಿತು. ನಾನು ಓಡಿಸುವಾಗ ಯಾವತ್ತೂ ಕೇಳದ ಸದ್ದು.

"ಮಾವ, ಹಿಂದೆ ಏನೋ ಸದ್ದಾಗ್ತಿದೆ."

"ಅದು ಯಾವಾಗಲೂ ಉಂಟು ಮಾರಾಯ್ತಿ. ಕಾಯಿ ಹಾಕಿದ ಮೇಲೆ ಬರ್ತದೆ. ಭಾರಕ್ಕೆ ಇರಬೇಕು."

ಸದ್ದು ಏರುತ್ತಾ ಹೋಯಿತು. ಶಿಳ್‌ಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡದ್ದೇ ಕೆಂಪು ದೀಪ ಹೊತ್ತಿತು. ಮಾವನ ಮುಖ ಸಣ್ಣದಾಯಿತು. ಬದಿಗೆ ನಿಲ್ಲಿಸಲು ಹೇಳಿದೆ. ಮುಂಬ್ರಾದ ಗುಡ್ಡಗಳ ಕಡೆಯಿಂದ ಬಿಸಿಗಾಳಿ ಬಡಿಯುತ್ತಿತ್ತು. ನಾನು ಹಿಂದಿನ ಬಾಗಿಲು ತೆಗೆದು, ತೆಂಗಿನಕಾಯಿಗಳನ್ನು ಪಕ್ಕಕ್ಕೆ ತಳ್ಳಿ, ಸದ್ದು ಬರುವ ಕಡೆಗೆ ಕಿವಿ ಕೊಟ್ಟೆ. ಸೀಟಿನ ಬದಿಯಲ್ಲಿ ಗೋಣಿ ಒಳಕ್ಕೆ ಜಗ್ಗಿಕೊಂಡಿತ್ತು. ಕೈಯಿಂದ ಎಳೆದರೆ ಬಿಡಲೊಲ್ಲದು. ಜೋರಾಗಿ ಕಿತ್ತಾಗ ಅದರಡಿಯಲ್ಲಿ ಒಂದು ಜಾಲರಿ ಕಂಡಿತು. ಅಂಗೈ ಇಟ್ಟೆ. ಒಳಗೆಲ್ಲೋ ಒಂದು ಫ್ಯಾನು ಕಾರಿನ ಗಾಳಿಯನ್ನು ಹೀರಿಕೊಳ್ಳುತ್ತಿತ್ತು. ಜಾಲರಿಯ ಸಂದಿಯಲ್ಲಿ ತೆಂಗಿನ ನಾರು ಸಿಕ್ಕಿಕೊಂಡಿತ್ತು.

"ಮಾವ, ಬ್ಯಾಟರಿ ಉಸಿರಾಡೋದು ಇಲ್ಲಿಂದ! ನೀವು ಅದರ ಮೂಗು ಮುಚ್ಚಿದ್ದೀರಿ!"

ಅವರು ಬಗ್ಗಿ ನೋಡಿದರು, ಗೋಣಿ ನೋಡಿದರು, ನನ್ನನ್ನು ನೋಡಿದರು. "ಸೀಟು ಹಾಳಾಗಬಾರದು ಅಂತಲ್ವಾ ನಾನು ಹಾಕಿದ್ದು!" ಎಂದರು. ಇಬ್ಬರಿಗೂ ತಡೆಯಲಾರದಷ್ಟು ನಗು ಬಂತು. ಹಿಂದಿನ ಲಾರಿಯವನು ಹಾರ್ನ್ ಹಾಕಿ ಬೈದು ಹೋದ.

ಕಲ್ಯಾಣದಲ್ಲಿ ವಿಜಯಪುರ ಕಡೆಯ ಒಬ್ಬ ಮೆಕ್ಯಾನಿಕ್ ಇದ್ದರು. ಗಲ್ಫಿನಲ್ಲಿ ಇಂಥ ಗಾಡಿಗಳ ಕೆಲಸ ಮಾಡಿ ಬಂದವರು. ಅಲ್ಲಿಗೆ ಒಯ್ದೆವು. ಅವರು ದಪ್ಪ ರಬ್ಬರಿನ ಕೈಗವಸು ತೊಟ್ಟು, ಡಿಕ್ಕಿಯೊಳಗಿನ ಕಿತ್ತಳೆ ಬಣ್ಣದ ಪ್ಲಗ್ಗನ್ನು ಕಿತ್ತಿಟ್ಟು, ಸುಮ್ಮನೆ ಸ್ಟೂಲಿನ ಮೇಲೆ ಕೂತುಬಿಟ್ಟರು. ನನಗೆ ತಾಳ್ಮೆ ಎಂಬುದು ಮೊದಲೇ ಕಡಿಮೆ.

"ಶುರು ಮಾಡಲ್ವಾ?" ಎಂದೆ.

"ಗಡಿಬಿಡಿ ಮಾಡಬ್ಯಾಡ್ರಿ ಅಕ್ಕಾರ. ಒಳಗ ಕರೆಂಟ್ ಉಳಿದಿರ್ತೈತ್ರಿ, ಇಳೀಲಿ. ನಾ ಊರಿಗೆ ಹೋಗಬೇಕಂದ್ರ ಟ್ರೈನಿನ್ಯಾಗ ಹೋಗತೀನ್ರಿ, ಹಿಂಗ ಶಾಕ್ ಹೊಡಿಸ್ಕೊಂಡು ಹೆಣ ಆಗಿ ಅಲ್ಲ."

ಆಮೇಲೆ ಹಿಂದಿನ ಸೀಟು ಹೊರಬಂತು, ಪಕ್ಕದ ಪ್ಲಾಸ್ಟಿಕ್ ಕೊಳವೆ ಹೊರಬಂತು, ಕೊನೆಗೆ ಬ್ಯಾಟರಿಯ ಫ್ಯಾನು ಹೊರಬಂತು. ಅದರ ರೆಕ್ಕೆಗಳೇ ಕಾಣುತ್ತಿರಲಿಲ್ಲ. ನಾರು, ಧೂಳು ಸೇರಿ ಕಂಬಳಿಯ ಹಾಗೆ ಸುತ್ತಿಕೊಂಡಿತ್ತು. ಮೆಕ್ಯಾನಿಕ್ ಅದನ್ನು ಬೆಳಕಿಗೆ ಹಿಡಿದರು.

"ಇದೇನ್ರೀ ಯಜಮಾನ್ರ, ಕಾರಿನ್ಯಾಗ ಹಗ್ಗ ಹೊಸೀತಿದ್ರೇನು?"

ಮಾವ ನಕ್ಕರು. ನಾರು ಬಿಡಿಸಲು ತಾವೂ ಕೂತರು. ಅದರಲ್ಲಿ ಅವರಿಗೆ ಜನ್ಮದ ಅನುಭವ. ಬ್ರಷ್ಷಿನಿಂದ ರೆಕ್ಕೆ ಉಜ್ಜಿ, ಕೊಳವೆಗೆ ಗಾಳಿ ಊದಿ, ಎಲ್ಲವನ್ನೂ ಮತ್ತೆ ಕೂರಿಸಿ ಚಾಲೂ ಮಾಡಿದಾಗ ಆ ಗುಂಯ್ ಸದ್ದಿರಲಿಲ್ಲ. ಮೆಕ್ಯಾನಿಕ್ ತಮ್ಮ ಯಂತ್ರ ಸಿಕ್ಕಿಸಿ ಬ್ಯಾಟರಿಯನ್ನೂ ಪರೀಕ್ಷಿಸಿ, ಕೆಂಪು ದೀಪ ಅಳಿಸಿದರು. "ಇಂಜಿನ್ನಿಗೆ ನೀರು, ಬ್ಯಾಟ್ರಿಗೆ ಗಾಳಿ. ಇಷ್ಟು ನೆನಪಿಟ್ರ ಸಾಕ್ರಿ. ಬ್ಯಾಟ್ರಿ ಚಲೋ ಐತಿ, ಏನೂ ಆಗಿಲ್ಲ. ಎಸಿ ಹಾಕ್ರಿ, ಅದಕ್ಕೂ ತಂಪು ಬೇಕು. ಮತ್ತ ಇನ್ನ ಮ್ಯಾಲೆ ಹಿಂದಿನ ಸೀಟಿನ್ಯಾಗ ಕಾಯಿ ಬ್ಯಾಡ್ರೀ."

ನಾನು ಗೆದ್ದ ಹುಮ್ಮಸ್ಸಿನಲ್ಲಿ ಮನೆಗೆ ಬಂದು ಗಂಡನಿಗೆ ನಾರಿನ ಉಂಡೆಯನ್ನೇ ತೋರಿಸಿದೆ. ಅವನೂ ಸಂತೋಷಪಟ್ಟ, ಕಾರು ಮಾರುವ ಮಾತು ಬಿಟ್ಟ. "ಸಾರಿ ಅಪ್ಪ" ಎಂದೂ ಹೇಳಿದ. ಆಮೇಲೆ ಫೋನೆತ್ತಿ ತೆಂಗಿನಕಾಯಿ ತಂದುಕೊಡಲು ಒಬ್ಬ ಟೆಂಪೊದವನನ್ನು ಗೊತ್ತುಮಾಡಿದ. ಮಾವ "ಒಳ್ಳೆಯದಾಯ್ತು" ಎಂದರು. ನನಗೂ ಆ ಹೊತ್ತಿಗೆ ಏನೂ ಹೊಳೆಯಲಿಲ್ಲ.

ಮುಂದಿನ ಮಾರ್ಕೆಟ್ಟಿನ ದಿನ ಬೆಳಿಗ್ಗೆ ಎದ್ದು ನೋಡಿದರೆ ಮಾವ ಸ್ನಾನ ಮಾಡಿ, ಇಸ್ತ್ರಿ ಶರ್ಟು ಹಾಕಿ, ತಲೆ ಬಾಚಿಕೊಂಡು ಬಾಲ್ಕನಿಯ ಕುರ್ಚಿಯಲ್ಲಿ ಕೂತಿದ್ದರು. ಕೈಯಲ್ಲಿ ಪೇಪರು ಇತ್ತು, ಓದುತ್ತಿರಲಿಲ್ಲ. ಕೆಳಗೆ ಕಾರು ನಿಂತಿತ್ತು. "ಇವತ್ತು ಕಾರು ನೀನೇ ತಕೊಂಡು ಹೋಗು, ನಂಗೆ ಕೆಲಸ ಇಲ್ಲ" ಎಂದರು. ಆಗ ನನಗೆ ಹೊಳೆಯಿತು. ಗಂಡ ಹಲ್ಲುಜ್ಜುತ್ತಿದ್ದ, ಬಾತ್‌ರೂಮಿನ ಬಾಗಿಲಲ್ಲೇ ನಿಂತು ತರಾಟೆಗೆ ತೆಗೆದುಕೊಂಡೆ.

"ಯಾವ ಕೆಲಸಕ್ಕೆ ಅಂತ ಈ ಕಾರು ತಂದಿದ್ದು, ಮರೆತುಬಿಟ್ಯಾ? ಅವರನ್ನ ಬಾಲ್ಕನಿಯಲ್ಲಿ ಕೂರಿಸೋಕಾ?"

ಅವನು ಬಾಯಿ ತುಂಬ ಇದ್ದ ನೊರೆ ಉಗಿದು ಮುಖ ತೊಳೆದ. ಹೊರಡುವ ಮೊದಲು ಬಾಲ್ಕನಿಯ ಕಡೆ ಒಮ್ಮೆ ನೋಡಿದ.

ಮಧ್ಯಾಹ್ನ ಗಂಡ ಹೋಟೆಲಿನಿಂದ ಊಟಕ್ಕೆ ಬಂದಾಗ ಟೆಂಪೊದವನು ತಂದ ಕಾಯಿಯ ಚಟ್ನಿ ತಂದಿದ್ದ. ಆವತ್ತು ನಾನು ಆಫೀಸಿಗೆ ಹೋಗಲು ಮನಸ್ಸು ಬಾರದೆ ಮನೆಯಲ್ಲೇ ಇದ್ದೆ. ಮೂವರೂ ತಿಂದೆವು. ಸಿಹಿಯಾದ, ಬಲಿತ, ಒಳ್ಳೆಯ ಕಾಯಿ. ಮಾವ ಎರಡನೆಯ ಸಲವೂ ಹಾಕಿಸಿಕೊಂಡರು. ಗಂಡ ತಟ್ಟೆ ದೂಡಿದ.

"ಕಾಯಿ ಸರಿ ಇಲ್ಲ ಅಪ್ಪ. ಹೀಗಾದ್ರೆ ಗಿರಾಕಿ ಓಡಿಹೋಗ್ತಾರೆ. ನೀವೇ ಹೋಗಿ ಆರಿಸಿ ಕೊಡಬೇಕು, ಬೇರೆ ರಸ್ತಾ ಇಲ್ಲ. ಟೆಂಪೊದವನು ಹೊತ್ತು ತರಲಿ, ಅಷ್ಟೇ."

ಮಾವ ಬೆರಳಿಗಂಟಿದ ಚಟ್ನಿ ನೆಕ್ಕಿದರು. ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು.

"ನಾನು ಮೊದಲೇ ಹೇಳಿದ್ದೆ ಅಲ್ವಾ," ಎಂದರು, "ಆ ಟೆಂಪೊದವನಿಗೆ ಕಾಯಿ ಬಡಿದು ನೋಡ್ಲಿಕ್ಕೆ ಗೊತ್ತಿಲ್ಲ ಅಂತ."

ಅವರು ಹಾಗೆ ಹೇಳಿರಲೇ ಇಲ್ಲ. "ಹೌದಪ್ಪ, ಹೇಳಿದ್ರಿ" ಎಂದ ನನ್ನ ಗಂಡ.