ಅಗಳ ದಾಟಿದ ಬಂಗಡೆ

ಹುರುಳಿ ಬೇಯುವ ವಾಸನೆ ಬಂದರೆ ನಿಮಗೆ ಸಾರಿನ ನೆನಪಾಗಬಹುದು. ನನಗೆ ಎದೆ ಡವಡವ ಅನ್ನುತ್ತದೆ. ಇವತ್ತು ಬೆಳಿಗ್ಗೆ ಕುದುರೆಗಳಿಗೆ ಹುರುಳಿ ಬೇಯಲಿಟ್ಟು, ಹೊರಗೆ ಮೊದಲ ಮಳೆ ಸುರಿಯುವುದನ್ನು ನೋಡುತ್ತ ನಿಂತಾಗಲೂ ಹಾಗೇ ಆಯಿತು. ಮಳೆ ಬಂತೆಂದರೆ ಶಿರಾಲಿಯ ಮಾದೇವ ನಾಯ್ಕರ ಬೇಣ ಕೇಳಲು ಹೋಗಬೇಕು. ಬೇಣವೆಂದರೆ ಅವರ ಗದ್ದೆಯ ಮೇಲಿನ ಹುಲ್ಲುಗುಡ್ಡ. ಅದನ್ನು ಅವರು ಬಾಡಿಗೆಗೆ ಕೊಡುವುದು ಬಾಯಿಮಾತಿನಲ್ಲಿ, ಒಂದು ಮಳೆಗಾಲಕ್ಕೆ ಮಾತ್ರ. ಹೋದ ವರ್ಷ ಹೂಂ ಅಂದವರು ಈ ವರ್ಷ ಊಹೂಂ ಅನ್ನಬಹುದು.

ಮೀನುಗಾರರ ಮನೆಗೆ ಕುದುರೆ ಎಲ್ಲಿಂದ ಬಂತು ಎಂದು ಕೇಳುತ್ತೀರಿ, ಗೊತ್ತು. ಕೇರಿಯವರೆಲ್ಲ ಕೇಳಿ ಮುಗಿಸಿದ್ದಾರೆ. ಕೆಲವು ವರ್ಷಗಳ ಹಿಂದೆ ನನ್ನ ಅಣ್ಣನಿಗೆ ಬೋಟಿನ ಕೆಲಸ ಸಾಕೆನಿಸಿತು. ಮುರ್ಡೇಶ್ವರದ ಸಮುದ್ರದಂಡೆಯಲ್ಲಿ ಪ್ರವಾಸಿಗರನ್ನು ಕೂರಿಸಿ ಓಡಾಡಿಸುತ್ತೇನೆಂದು ಎರಡು ಕುದುರೆ ತಂದ. ಬೂದು ಮೈಯದು ಬಂಗಡೆ, ಕೆಂಪಗಿನದು ಸೀಗಡಿ. ಹೆಸರಿಟ್ಟವಳು ನಾನೇ. ಮೀನು ಮಾರುವವಳಿಗೆ ಇನ್ನೆಂಥ ಹೆಸರು ಹೊಳೆದೀತು? ಬೇಸಿಗೆ ಹೇಗೋ ಕಳೆಯಿತು. ಮಳೆಗಾಲದಲ್ಲಿ ಪ್ರವಾಸಿಗರಿಲ್ಲ, ನಮ್ಮ ಮರಳು ಹಿತ್ತಲಲ್ಲಿ ಹುಲ್ಲೂ ಇಲ್ಲ. ಬೇಣ ಸಿಗದಿದ್ದರೆ ಕುದುರೆಗಳನ್ನು ಮಾರಲೇಬೇಕು. ಹುಬ್ಬಳ್ಳಿಯ ದಲ್ಲಾಳಿಯೊಬ್ಬ ಆಗಲೇ ಫೋನ್ ಮೇಲೆ ಫೋನ್ ಮಾಡುತ್ತಿದ್ದ.

ಆ ಮೊದಲ ವರ್ಷ ನಾಯ್ಕರು ಒಪ್ಪಿದ್ದು ಒಂದೇ ಕರಾರಿನ ಮೇಲೆ. "ಮೇಲೆ ಎಷ್ಟಾರೂ ಮೇಯ್ಲಿ. ಅಗಳ ದಾಟಿ ಕೆಳಗೆ ಕಾಲಿಟ್ರೆ ಮಾತ್ರ ಸರಿ ಬರೂದಿಲ್ಲ ನೋಡಿ" ಅಂದರು. ಅಗಳವೆಂದರೆ ಬೇಣಕ್ಕೂ ಗದ್ದೆಗೂ ನಡುವೆ ತೋಡಿದ ಕಂದಕ. ಅವರ ದನಗಳು ಅದನ್ನು ಎಂದೂ ದಾಟಿದ್ದಿಲ್ಲ. ಕುದುರೆ ಅಗಳ ಹಾರೀತೆಂದು ಅವರಿಗೂ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ.

ಇನ್ನು ನಮ್ಮಣ್ಣ ಹಗ್ಗ ಕಟ್ಟುವ ಚಂದ ಕೇಳಿ. ದೋಣಿ ಕಟ್ಟುವವರು ಹಗ್ಗ ಬಿಗಿಯುವುದಿಲ್ಲ. ನೀರು ಏರಿದರೆ ಏರಲಿ, ಇಳಿದರೆ ಇಳಿಯಲಿ ಎಂದು ಧಾರಾಳವಾಗಿ ಸಡಿಲ ಬಿಡುತ್ತಾರೆ. ಅಪ್ಪ ಅವನಿಗೆ ಕಲಿಸಿದ್ದು ಅದನ್ನೇ. ಅಣ್ಣ ಬಂಗಡೆಯನ್ನೂ ಹಾಗೇ ಉದ್ದ ಹಗ್ಗ ಬಿಟ್ಟು ಕಟ್ಟಿದ. ಪಕ್ಕದಲ್ಲೇ ನಿಂತಿದ್ದ ಈ ಜಾಣೆಗೂ ಅದು ಸರಿಯೆಂದೇ ಕಂಡಿತು.

ಒಂದು ಬೆಳಿಗ್ಗೆ ಹೋಗಿ ನೋಡಿದರೆ ಬಂಗಡೆ ಅಗಳದ ಆಚೆ ನಿಂತಿದೆ! ಗದ್ದೆಯಲ್ಲಿ ನೆಡಲೆಂದು ಬೆಳೆಸಿದ್ದ ಅಗೆ, ಅಂದರೆ ಭತ್ತದ ಸಸಿ, ಅರ್ಧಕ್ಕರ್ಧ ಅದರ ಹೊಟ್ಟೆ ಸೇರಿದೆ. ನಾಯ್ಕರು ಕೊಡೆ ಹಿಡಿದು ಗದ್ದೆಯ ಅಂಚಿನಲ್ಲಿ ನಿಂತಿದ್ದರು. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ, ನನ್ನ ನಾಲಿಗೆಯೇನು ಸಾಮಾನ್ಯದ್ದಲ್ಲ. ಅವರು ಬೈಯಲಿಲ್ಲ.

"ನಾಳಿಗೆ ನಟ್ಟಿ, ಆಳು ಬತ್ತಾರೆ. ಎಂತ ನೆಡೂದು ನಾನು?" ಅಂದರು. "ಕತ್ಲಾಗೂದ್ರೊಳಗೆ ಎರಡೂ ಕುದ್ರಿ ತಕಂಡು ಹೋಗಿ."

ಅಣ್ಣ ತಲೆ ತಗ್ಗಿಸಿ ನಿಂತುಬಿಟ್ಟ. ನಾನು ಮೀನಿನ ಬುಟ್ಟಿ ಎತ್ತಿಕೊಂಡು ಅಗೆ ಹುಡುಕಲು ಹೊರಟೆ. ನಟ್ಟಿ ಮುಗಿದ ಮೇಲೆ ಉಳಿದ ಅಗೆಯನ್ನು ಕೇಳಿದವರಿಗೆ ಕೊಡುವುದು ಇಲ್ಲಿಯ ರೂಢಿ. ನಟ್ಟಿಗೆ ಮೊದಲು ಯಾರೂ ಕೊಡುವುದಿಲ್ಲ, ಕೇಳಲೂಬಾರದು. ನಾಚಿಕೆ ಬಿಟ್ಟು, ನಾನು ಒಣಮೀನು ಕೊಡುವ ಮನೆಮನೆಯ ಮೆಟ್ಟಿಲು ಹತ್ತಿದೆ. "ನಮ್ದೇ ಆಗ್ಲಿಲ್ವಲ್ಲೆ, ಎಲ್ಲಿಂದ ಕೊಡೂದು?" ಎಂಬ ಮಾತು ಕೇಳಿ ಕೇಳಿ ಕಾಲು ಸೋತಿತು. ಮಧ್ಯಾಹ್ನ ದಾಟಿತು. ದಲ್ಲಾಳಿಯ ಲಾರಿ ಬಂದು ಬಂಗಡೆಯನ್ನು ಹತ್ತಿಸಿಕೊಳ್ಳುವುದೇ ಕಣ್ಣಿಗೆ ಕಟ್ಟತೊಡಗಿತು. ಕೊನೆಗೆ, ಸದಾ ನನ್ನ ಜೊತೆ ಚೌಕಾಸಿ ಮಾಡಿ ಜಗಳವಾಡುವ ಒಬ್ಬ ಅಕ್ಕನ ಅಂಗಳದಲ್ಲಿ ನಿಂತೆ.

"ಅಳೂದೆಂತಕ್ಕೆ ಮಾರಾಯ್ತಿ? ನಮ್ದು ನಿನ್ನೆ ಮುಗೀತು, ಉಳ್ದದ್ದೆಲ್ಲ ಕಿತ್ಕಂಡು ಹೋಗು" ಅಂದಳು. ಅಳುತ್ತಿದ್ದೇನೆಂದು ನನಗೆ ಗೊತ್ತಾದದ್ದೇ ಆಗ.

ಅಣ್ಣನನ್ನೂ ಕರೆಸಿಕೊಂಡು, ಇಬ್ಬರೂ ಹೊತ್ತು ತಂದು, ಬೆಳಕಿರುವಾಗಲೇ ನಾಯ್ಕರ ಅಂಗಳದಲ್ಲಿ ಇಳಿಸಿದೆವು. ಅವರು ಒಂದು ಕಟ್ಟು ಎತ್ತಿ ನೋಡಿದರು, ಮೀನಿನ ವಾಸನೆಗೆ ಮುಖ ಕಿವುಚಿದರು.

"ಆತು, ಕುದ್ರಿ ಇರ್ಲಿ" ಅಂದರು. ಆಮೇಲೆ ಅಣ್ಣನ ಕಡೆ ತಿರುಗಿ, "ನೀ ಮಾತ್ರ ಕಟ್ಟೂಕೆ ಬರೂದು ಬ್ಯಾಡ. ತಂಗಿ ಕಟ್ಲಿ. ಅವ್ಳು ಬಂದ್ರೆ ಬೇಣ ಅದೆ, ನೀ ಬಂದ್ರೆ ಇಲ್ಲ."

ಅಣ್ಣ ಬಂಗಡೆಯ ಹಗ್ಗವನ್ನು ನನ್ನ ಕೈಗೆ ಕೊಟ್ಟ. ತಪ್ಪು ಇಬ್ಬರದೂ ಎಂದು ಹೇಳಬೇಕಿತ್ತು. ಎಲ್ಲಿ ನಾಯ್ಕರು ಮನಸ್ಸು ಬದಲಿಸುತ್ತಾರೋ ಎಂದು ತುಟಿ ಬಿಚ್ಚಲಿಲ್ಲ. ಆ ಮಳೆಗಾಲ ಮುಗಿದದ್ದೇ ಅಣ್ಣ ಮತ್ತೆ ಬೋಟು ಹತ್ತಿದ. ಕುದುರೆಗಳು ಹಾಗೇ ನನ್ನವಾದವು.

ಇವತ್ತು ನಾಯ್ಕರು ಹೆಚ್ಚು ಕಾಯಿಸಲಿಲ್ಲ. "ಆತು, ತಕಂಡು ಬಾ" ಅಂದರು. ಮನೆಗೆ ಬಂದಾಗ ಅಣ್ಣ ಜಗಲಿಯಲ್ಲಿ ಕೂತಿದ್ದ. ಬೋಟುಗಳೆಲ್ಲ ದಡ ಸೇರಿವೆ, ಈಗ ಅವನಿಗೆ ಕೆಲಸವಿಲ್ಲ.

"ಎಂತ ಅಂದ್ರು?"

"ಆತು ಅಂದ್ರು."

ಅವನು ಎದ್ದುಹೋಗಿ ಬಂಗಡೆಯ ಕುತ್ತಿಗೆ ಸವರಿದ. ಆಮೇಲೆ ನನ್ನ ಮುಖ ನೋಡದೆ ಕೇಳಿದ: "ನಾನೂ ಬರ್ಲನೆ ತಂಗಿ? ದೂರ ನಿಂತ್ಕಂತೆ. ಹಗ್ಗ ಮುಟ್ಟೂದಿಲ್ಲ."

ನನ್ನನ್ನು ಎತ್ತಿ ಆಡಿಸಿದ ಅಣ್ಣ ಹೀಗೆ ಅಪ್ಪಣೆ ಕೇಳಿದ್ದನ್ನು ಕೇಳಿ ಸಂಕಟವಾಯಿತು. ಬಂಗಡೆಯ ಹಗ್ಗ ಬಿಚ್ಚಿ ಅವನ ಕೈಗಿಟ್ಟೆ. ನಾಯ್ಕರು ಏನಾದರೂ ಅಂದರೆ, ಈ ಸಲ ನಾನು ಬಾಯಿ ಮುಚ್ಚಿಕೊಂಡಿರುವುದಿಲ್ಲ.