ಅಪ್ಪನ ಬಂದೂಕು ಠಾಣೆಯಲ್ಲಿದ್ದಾಗ

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ದೆವ್ವ ನೋಡಿದೆ, ಸತ್ತವರ ದನಿ ಕೇಳಿದೆ ಎಂದು ಮಕ್ಕಳು ಬಂದರೆ ಅವರನ್ನು ಎಬ್ಬಿಸಿ ನಿಲ್ಲಿಸಿ, "ಗಾಳಿ ಯಾವ ಕಡೆಯಿಂದ ಬೀಸ್ತಿತ್ತು? ಬೆಳಕು ಎಲ್ಲಿತ್ತು? ನಿನ್ನ ಜೊತೆ ಇನ್ಯಾರಿದ್ದರು?" ಎಂದು ಒಂದೊಂದಾಗಿ ಕೇಳುತ್ತಿದ್ದೆ. ಮೂರನೇ ಪ್ರಶ್ನೆಗೆ ಬರುವಷ್ಟರಲ್ಲಿ ಅವರೇ ನಕ್ಕು ಕೂತುಬಿಡುತ್ತಿದ್ದರು. ಈಗಲೂ ಕೇಳುತ್ತೇನೆ, ಆದರೆ ಮೊದಲಿನಷ್ಟು ಜೋರಾಗಿ ಕೇಳುವುದಿಲ್ಲ. ಯಾಕೆ ಅಂತ ಮಕ್ಕಳಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ. ನಂಬಲೇಬೇಕೆಂದು ಒತ್ತಾಯವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಖಂಡಿತ ನಂಬುತ್ತಿರಲಿಲ್ಲ.

ಹಂದನಕೆರೆಯಿಂದ ಸ್ವಲ್ಪ ಒಳಗೆ ನಮ್ಮ ತೋಟದ ಮನೆ. ಅಪ್ಪನಿಗೆ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಇದ್ದ ಒಂಟಿ ನಳಿಗೆಯ ಬಂದೂಕು ಇತ್ತು. ಹಣೆಯ ತುಂಬ ವಿಭೂತಿ, ಹೆಗಲ ಮೇಲೆ ಬಂದೂಕು, ಹೀಗೆ ಅವರು ಬದುವಿನ ಮೇಲೆ ನಡೆದು ಬರುವುದನ್ನು ನೋಡಿದರೆ ಗೊತ್ತಿಲ್ಲದವರಿಗೆ ಗಾಬರಿ, ಗೊತ್ತಿದ್ದವರಿಗೆ ನಗು. ಯಾಕೆಂದರೆ ಅವರು ಹೊಡೆಯುತ್ತಿದ್ದದ್ದು ಆಕಾಶಕ್ಕೆ ಮಾತ್ರ. ಕೋತಿಗಳ ಹಿಂಡು ಬಂದು ಎಳನೀರು ಕಿತ್ತೆಸೆಯುವಾಗ ಒಂದು ಸದ್ದು ಮಾಡಿದರೆ ಪಕ್ಕದವರ ತೋಟಕ್ಕೆ ಹೋಗುತ್ತಿದ್ದವು. ಪಕ್ಕದವರು ಪಟಾಕಿ ಹೊಡೆದರೆ ನಮ್ಮ ತೋಟಕ್ಕೇ ವಾಪಸು ಬರುತ್ತಿದ್ದವು.

ಒಂದು ಸಲ ಮಾತ್ರ ಆಕಾಶಕ್ಕೆ ಹೊಡೆದದ್ದು ಮರದ ತುದಿಯಲ್ಲಿ ಅಡಗಿದ್ದ ಕೋತಿಗೆ ತಗುಲಿತು. ಆಗ ನನಗೆ ಹತ್ತು ವರ್ಷ. ಕೆಳಗೆ ಬಿದ್ದ ಅದರ ಸುತ್ತ ಉಳಿದ ಕೋತಿಗಳು ಸದ್ದಿಲ್ಲದೆ ಕೂತಿದ್ದವು. ಅಪ್ಪ ತಾವೇ ಗುಂಡಿ ತೋಡಿ ಮಣ್ಣು ಮಾಡಿದರು, ಅವತ್ತು ಊಟ ಮಾಡಲಿಲ್ಲ. ಬಹಳ ದಿನ ಬಂದೂಕನ್ನು ಗೋಡೆಯಿಂದ ಕೆಳಗಿಳಿಸಲಿಲ್ಲ. ನನಗೆ ಆ ವಸ್ತುವಿನ ಮೇಲೆ ಜಿಗುಪ್ಸೆ ಹುಟ್ಟಿದ್ದು ಆವತ್ತೇ. ಹಾಗಂತ ಶಾಲೆಯಲ್ಲಿ ಹುಡುಗಿಯರು "ಬಂದೂಕಪ್ಪನ ಮಗಳು" ಎಂದು ಕರೆದರೆ ಒಳಗೊಳಗೇ ಹೆಮ್ಮೆಯಾಗುತ್ತಿದ್ದದ್ದೂ ನಿಜ. ಎರಡನ್ನೂ ಹೇಳಿಬಿಡುವುದು ಒಳ್ಳೆಯದು.

ಅಪ್ಪ ತೀರಿಕೊಂಡಾಗ ಬಂದೂಕನ್ನು ಸರ್ಕಾರಕ್ಕೆ ಒಪ್ಪಿಸಿಬಿಡೋಣ ಅಂದೆ. ಅವ್ವ ಒಪ್ಪಲಿಲ್ಲ. "ಕನ್ನಡಕ ಕೊಟ್ಟಾಯ್ತು, ವಾಚು ಕೊಟ್ಟಾಯ್ತು. ಅವರ ಕೈ ಸವೆಸಿದ್ದು ಅಂತ ಉಳಿದಿರೋದು ಅದೊಂದೇ. ನೀನು ಒಬ್ಬಳೇ ಮಗಳು, ನೀನೇ ಇಟ್ಕೋ" ಎಂದಳು. ಹೀಗೆ ಲೈಸೆನ್ಸು ನನ್ನ ಹೆಸರಿಗೆ ಬಂತು. ಮದುವೆಯಾದ ಮೇಲೂ ನಾವು ಅವ್ವನ ಜೊತೆ ತೋಟದ ಮನೆಯಲ್ಲೇ ಇರುವುದು. ನನ್ನ ಯಜಮಾನರು ಹಂದನಕೆರೆಯಲ್ಲಿ ಬೂಸಾ ಹಿಂಡಿ ಅಂಗಡಿ ಇಟ್ಟಿದ್ದಾರೆ. ಜಿರಳೆ ಕಂಡರೂ ಕುರ್ಚಿ ಹತ್ತುವ ಸ್ವಭಾವ. ಅಂಗಡಿಗೆ ಬಂದವರು "ಏನ್ರೀ, ಮನೇಲಿ ಬಂದೂಕು ನಿಮ್ಮದಾ?" ಎಂದು ಕೇಳಿದರೆ, "ಇಲ್ಲ ಕಣ್ರೀ, ಹೆಂಡ್ತೀದು. ಅದಕ್ಕೇ ನಾನು ಇಷ್ಟು ಮೆತ್ತಗಿರೋದು" ಎನ್ನುತ್ತಿದ್ದರು. ಬಂದೂಕಿದ್ದ ಕೋಣೆಯಲ್ಲಿ ಅವರು ಮಲಗುತ್ತಿರಲಿಲ್ಲ. ಖಾಲಿ ಬಂದೂಕು ಕೋಲಿಗೆ ಸಮ ಎಂದು ನಾನು ಎಷ್ಟು ಪಾಠ ಮಾಡಿದರೂ, "ಕೋಲಿಗೆ ಲೈಸೆನ್ಸ್ ಯಾಕೆ ಕೇಳಲ್ಲ?" ಎನ್ನುತ್ತಿದ್ದರು.

ಅಪ್ಪ ಹೋಗಿ ಮೂರು ವರ್ಷವಾಗಿತ್ತು. ಎಲೆಕ್ಷನ್ ಬಂತು. ಎಲೆಕ್ಷನ್ ಅಂದರೆ ಲೈಸೆನ್ಸ್ ಇರುವ ಬಂದೂಕುಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಒಪ್ಪಿಸುವ ಹಿಂದಿನ ದಿನ ಸಂಜೆ ಅಪ್ಪ ಕಲಿಸಿದಂತೆ ನಳಿಗೆಯೊಳಗೆ ಮೆಷಿನ್ ಎಣ್ಣೆ ಬಿಟ್ಟು, ಉದ್ದ ಕಡ್ಡಿಗೆ ಬಟ್ಟೆ ಸುತ್ತಿ, ಬಟ್ಟೆ ಬೆಳ್ಳಗೆ ಹೊರಬರುವವರೆಗೂ ಉಜ್ಜಿದೆ. ಠಾಣೆಯಲ್ಲಿ ನನ್ನೆದುರಿಗೇ ಅದನ್ನು ಖಾಕಿ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿದರು. ರಸೀದಿಯಲ್ಲಿ "ಬಂದೂಕು ಒಂದು, ತೋಟ ಐದು" ಎಂದು ಬರೆದಿತ್ತು. ಗುಂಡು ಎಂಬ ಅರ್ಥದ ತೋಟಾ ಎಂದು ಇರಬೇಕಿತ್ತು. ಯಜಮಾನರು ಅದನ್ನು ಓದಿ, "ನಮಗಿರೋದು ಒಂದೇ ತೋಟ. ಇನ್ನು ನಾಲ್ಕು ನಿಮ್ಮಪ್ಪ ಎಲ್ಲಿಟ್ಟವ್ರೆ ಕೇಳು" ಎಂದು ಮನೆ ಸೇರುವವರೆಗೂ ನಗುತ್ತಿದ್ದರು. ಅವತ್ತು ಮನೆ ನನಗೂ ಹಗುರವಾದಂತೆ ಕಂಡಿತು. ಎಲೆಕ್ಷನ್ ಮುಗಿದ ಮೇಲೆ ತರುವುದೇ ಬೇಡ, ಅಲ್ಲೇ ಬಿಟ್ಟುಬಿಡೋಣ ಎಂದು ಇಬ್ಬರೂ ಮಾತಾಡಿಕೊಂಡೆವು.

ಇದಾಗಿ ಒಂದು ವಾರಕ್ಕೆ, ಬೆಳಗ್ಗೆ ಏಳರ ಹೊತ್ತು. ಬಿಸಿಲು ಚೆನ್ನಾಗಿಯೇ ಬಂದಿತ್ತು. ಯಜಮಾನರು ಡ್ರಿಪ್ ಪೈಪು ಕಟ್ಟಿಕೊಂಡಿದೆ ಎಂದು ಒಂದು ತೆಂಗಿನ ಪಾತಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ಮೊಬೈಲಿನಲ್ಲಿ ಜೋರಾಗಿ ವಾರ್ತೆ ಹಾಕಿಕೊಂಡು, ಪಿನ್ನಿನಿಂದ ತೂತು ಬಿಡಿಸುತ್ತಿದ್ದರು. ಬೆನ್ನು ನನ್ನ ಕಡೆಗಿತ್ತು. ನಾನು ಕಾಫಿ ಲೋಟ ಹಿಡಿದು ಹೋಗುತ್ತಿದ್ದೆ. ಇನ್ನು ಮೂವತ್ತು ಹೆಜ್ಜೆ ಇದ್ದಾಗ, ಅವರಿಗೂ ನನಗೂ ನಡುವೆ ಗುಡ್ಡೆ ಹಾಕಿದ್ದ ಒಣಗರಿಯ ಪಕ್ಕದಲ್ಲಿ ಏನೋ ಅಲ್ಲಾಡಿದಂತಾಯಿತು. ಬಾಲದ ತುದಿ. ಚಿರತೆ ನೆಲಕ್ಕೆ ಅಂಟಿಕೊಂಡು ಮಲಗಿ ಅವರನ್ನೇ ನೋಡುತ್ತಿತ್ತು. ಬಗ್ಗಿ ಕೂತ ಮನುಷ್ಯ ಅದರ ಕಣ್ಣಿಗೆ ಕುರಿಯಂತೆ ಕಾಣುತ್ತಾನೆ ಎಂದು ಎಲ್ಲೋ ಓದಿದ್ದೆ. ಅದು ಹಿಂಗಾಲನ್ನು ಮೆಲ್ಲಗೆ ಒಳಗೆಳೆದುಕೊಂಡಿತು.

ಕೂಗಬೇಕೆಂದು ಬಾಯಿ ತೆರೆದೆ, ದನಿ ಬರಲಿಲ್ಲ. ಆ ಕ್ಷಣದಲ್ಲಿ ನನ್ನ ಮನಸ್ಸಿಗೆ ಬಂದದ್ದು ಒಂದೇ: ಬಂದೂಕಿದ್ದಿದ್ದರೆ! ಬೇಡ ಬೇಡ ಎಂದು ಜೀವಮಾನವಿಡೀ ಮೂಗು ಮುರಿದವಳಿಗೆ ಆಗ ಬೇಕಾದದ್ದು ಅದೇ. ಮರುಕ್ಷಣವೇ ಇನ್ನೊಂದು ಹೊಳೆಯಿತು. ಇದ್ದಿದ್ದರೂ ನಾನು ಹೊಡೆಯುವ ಹಾಗಿರಲಿಲ್ಲ. ಚಿರತೆ, ಅದರಾಚೆ ಗಂಡ, ಇಬ್ಬರೂ ಒಂದೇ ಗೆರೆಯಲ್ಲಿದ್ದರು.

ಆಗ ಸದ್ದಾಯಿತು.

ನನ್ನ ಹಿಂದಿನಿಂದ, ಮನೆಯ ಕಡೆಯಿಂದ. ಢಮ್ ಎಂದು ಒಂದೇ ಒಂದು. ಮರಗಳ ಮೇಲಿದ್ದ ಗಿಣಿಗಳೆಲ್ಲ ಒಟ್ಟಿಗೆ ಎದ್ದವು. ಚಿರತೆ ನೆಗೆದದ್ದು ನಿಜ, ಆದರೆ ಪಕ್ಕಕ್ಕೆ. ಬದು ಹಾರಿ, ಬೇಲಿ ಹಾರಿ, ಗುಡ್ಡದ ಕಡೆ ಓಡಿತು. ನನ್ನ ಕೈಯಲ್ಲಿದ್ದ ಲೋಟ ಯಾವಾಗ ಬಿತ್ತೋ ತಿಳಿಯದು. ಗಾಳಿಯಲ್ಲಿ ಮದ್ದಿನ ವಾಸನೆ ಇತ್ತು. ಇದನ್ನು ನಾನು ಕಲ್ಪಿಸಿಕೊಂಡದ್ದಲ್ಲ, ಯಜಮಾನರೂ ಮೂಗು ಉಜ್ಜಿಕೊಂಡರು.

ಅವರು ಎದ್ದು ನಿಂತು ನನ್ನನ್ನೇ ಕೆಕ್ಕರಿಸಿ ನೋಡಿದರು. "ಯಾವಾಗ ಬಿಡಿಸ್ಕೊಂಡ್ ಬಂದೆ ಅದನ್ನ? ಒಂದು ಮಾತು ಹೇಳಬಾರ್ದಾ? ತಲೆ ಮೇಲೇ ಹೊಡೀತೀಯಲ್ಲೇ!"

"ನನ್ನ ಕೈಲಿ ಏನಿದೆ ನೋಡ್ರೀ" ಅಂದೆ. ಆಗ ದನಿ ಬಂದಿತ್ತು. "ಚಿರತೆ ಬಂದಿತ್ತು. ನಿಮ್ಮ ಹಿಂದೇನೇ ಇತ್ತು."

ನಾನು ಕೈ ತೋರಿಸಿದ ಕಡೆ ಅವರು ನೋಡಿದರು. ಗರಿಗುಡ್ಡೆಯ ಪಕ್ಕ ನೀರು ಜಿನುಗಿ ಹಸಿಯಾದ ಮಣ್ಣಿನಲ್ಲಿ ಹೆಜ್ಜೆ ಒತ್ತಿದಂತೆ ಮೂಡಿತ್ತು. ಅದನ್ನು ನೋಡಿ ಅಲ್ಲೇ ಪಾತಿಯ ನೀರಿನಲ್ಲೇ ಕೂತುಬಿಟ್ಟರು. ಮೊಬೈಲು ಮಾತ್ರ ವಾರ್ತೆ ಓದುತ್ತಲೇ ಇತ್ತು.

ಮನೆಗೆ ಓಡಿದೆವು. ಅವ್ವ ಹಿತ್ತಲಲ್ಲಿ ಕೂತು ಚಟ್ನಿಗೆ ಕಾಯಿ ತುರಿಯುತ್ತಿದ್ದಳು. ಸದ್ದು ಕೇಳಿತೇನವ್ವ ಎಂದರೆ, ತಲೆ ಎತ್ತದೆ, "ಕೇಳ್ದೆ ಏನು? ನಿಮ್ಮಪ್ಪ ಹೊಡ್ದಿದ್ದು ಕಣೇ. ಮೂವತ್ತೈದು ವರ್ಷ ಕೇಳಿಲ್ವಾ ಆ ಸದ್ದನ್ನ?" ಎಂದಳು. ನಡೆದದ್ದನ್ನು ಹೇಳಿದೆ. ತುರಿಯುವ ಕೈ ಒಂದು ಗಳಿಗೆ ನಿಂತಿತು. ಅಳಿಯನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆಮೇಲೆ, "ಇನ್ನೊಂಚೂರು ಮುಂಚೆ ಹೊಡೀಬಾರ್ದಿತ್ತಾ? ಬದುಕಿದ್ದಾಗ್ಲೂ ಹಂಗೇ, ಎಲ್ಲಾದಕ್ಕೂ ತಡ" ಎಂದು ಮತ್ತೆ ತುರಿಯತೊಡಗಿದಳು.

ಸದ್ದು ನಮಗೆ ಮೂವರಿಗೆ ಮಾತ್ರ ಕೇಳಿದ್ದರೆ ಭ್ರಮೆ ಎಂದು ತಳ್ಳಿಹಾಕಬಹುದಿತ್ತು. ಆದರೆ ಅರ್ಧ ಊರಿಗೆ ಕೇಳಿತ್ತು. ಯಾರೋ ಠಾಣೆಗೂ ಫೋನ್ ಮಾಡಿದ್ದರು. ಹತ್ತು ಗಂಟೆಗೆ ಒಬ್ಬರು ಪೊಲೀಸಿನವರು ಬೈಕಿನಲ್ಲಿ ಬಂದರು. "ಎಲೆಕ್ಷನ್ ಟೈಮು, ಗೊತ್ತಲ್ಲ ಮೇಡಂ. ನಿಮ್ಮ ತೋಟದ ಕಡೆ ಗುಂಡು ಹಾರ್ತಂತೆ" ಎಂದರು. ಹೊಡೆದದ್ದು ನಾನೇ ಎಂದಾದರೆ ಕೇಸು, ಕೇಸಾದರೆ ನನ್ನ ಕೆಲಸಕ್ಕೇ ಕುತ್ತು. ರಸೀದಿ ತೋರಿಸಿದೆ. ಅವರು ಠಾಣೆಗೆ ಫೋನ್ ಹಚ್ಚಿದರು. ಆ ಕಡೆಯವರು ಕೋಣೆ ತೆಗೆದು ನೋಡಿ, ಚೀಲ ಇದೆ, ಮುದ್ರೆಯೂ ಇದೆ ಎಂದರು.

ನನಗೆ ಉಸಿರು ಬಂತು. ಅಷ್ಟರಲ್ಲಿ ಅವ್ವ ಕಾಫಿ ತಂದುಕೊಟ್ಟು, "ಬೇರೆ ಯಾರೂ ಅಲ್ಲ ಕಣಪ್ಪ, ನಮ್ಮ ಯಜಮಾನ್ರೇ ಹೊಡ್ದಿದ್ದು" ಅಂದುಬಿಟ್ಟಳು.

ಪೊಲೀಸಿನವರು ಚಕ್ಕನೆ ಪುಸ್ತಕ ತೆಗೆದರು. "ಹೆಸರು ಹೇಳಿ ಅಜ್ಜಿ." ಅವ್ವ ನಾಚಿಕೊಳ್ಳುತ್ತ ಗಂಡನ ಹೆಸರು ಹೇಳಿದಳು. ಅವರು ಬರೆದುಕೊಂಡರು. "ಎಲ್ಲವ್ರೆ? ಕರೀರಿ ಒಸಿ."

"ತೀರ್ಕೊಂಡು ಮೂರು ವರ್ಷ ಆಯ್ತಲ್ಲಪ್ಪ."

ಅವರು ನನ್ನನ್ನು ನೋಡಿದರು. ನಾನು ಯಜಮಾನರನ್ನು ನೋಡಿದೆ. ಪೊಲೀಸಿನವರು ಬರೆದದ್ದನ್ನು ಹೊಡೆದುಹಾಕಿ, ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು, "ಅರಣ್ಯ ಇಲಾಖೆಯವರಿಗೆ ಹೇಳ್ತೀನಿ ಮೇಡಂ, ಬೋನು ಇಡ್ತಾರೆ" ಎಂದು ಹೊರಟರು. ಬೈಕು ಗೇಟು ದಾಟಿದ ಮೇಲೆ ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುತ್ತ ನಗುತ್ತ ಯಜಮಾನರ ಕಣ್ಣಲ್ಲಿ ನೀರು ಬಂತು. ಅದು ಬರೀ ನಗುವಿನ ನೀರಲ್ಲ ಎಂದು ನನಗೆ ಗೊತ್ತಿತ್ತು.

ಆದರೂ ನಾನು ವಿಜ್ಞಾನದವಳು. ಬಿಡುವಂತಿರಲಿಲ್ಲ. ಕಲ್ಲು ಕ್ವಾರಿಯ ಸಿಡಿತವೇ ಎಂದು ವಿಚಾರಿಸಿದೆ. ಆ ವಾರವೆಲ್ಲ ಅಲ್ಲಿ ಕೆಲಸವೇ ಇರಲಿಲ್ಲ. ಟ್ರಾನ್ಸ್‌ಫಾರ್ಮರ್ ಸಿಡಿಯಿತೇ ಎಂದರೆ ನಮ್ಮ ಮೋಟರು ಓಡುತ್ತಲೇ ಇತ್ತು. ಪಟಾಕಿ ಎಂದರೆ ಮನೆಯಲ್ಲಿ ಅವ್ವ ಒಬ್ಬಳೇ. ಕೊನೆಗೆ, ಯಾರೋ ಲೈಸೆನ್ಸಿಲ್ಲದ ನಾಡ ಬಂದೂಕಿನವನು ನಮ್ಮ ಮನೆ ಹಿಂದೆ ಮೊಲಕ್ಕೋ ಹಂದಿಗೋ ಹೊಂಚು ಹಾಕಿದ್ದ, ಅವನದೇ ಗುಂಡು ಎಂದು ತೀರ್ಮಾನಿಸಿದೆ. ಆ ಉತ್ತರ ಚೆನ್ನಾಗಿತ್ತು. ಎಲೆಕ್ಷನ್ ಮುಗಿಯುವವರೆಗೆ ಅದರಲ್ಲೇ ನೆಮ್ಮದಿಯಾಗಿದ್ದೆ.

ಆಮೇಲೆ ಬಂದೂಕು ತರಲು ಠಾಣೆಗೆ ಹೋದೆ. ಅಲ್ಲೇ ಬಿಡೋಣ ಅಂದಿದ್ದ ಯಜಮಾನರೇ, "ಹೋಗಿ ತಗಂಬಾ" ಎಂದು ಕಳಿಸಿದರು. ಅರಗಿನ ಮುದ್ರೆ ಬಿರುಕೂ ಬಿಡದೆ ಹಾಗೇ ಇತ್ತು. ನನ್ನೆದುರಿಗೇ ಒಡೆದು, ಚೀಲ ಬಿಚ್ಚಿದರು. ಐದು ತೋಟಾಗಳನ್ನು ಎಣಿಸಿ ಕೊಟ್ಟರು, ಐದೂ ಇದ್ದವು. ಕೊಡುವ ಮುಂಚೆ ಅಲ್ಲಿದ್ದ ಹಿರಿಯರೊಬ್ಬರು ಬಂದೂಕನ್ನು ನಡುವೆ ಮಡಿಚಿ ತೆರೆದು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಏನ್ ಮೇಡಂ, ಹೊಡೆದ ಮೇಲೆ ಒರೆಸೋದಿಲ್ವಾ? ಒಳಗೆಲ್ಲ ಮಸಿ. ತುಕ್ಕು ಹಿಡಿಯುತ್ತೆ."

ನಾನು ನಳಿಗೆಗೆ ಕಣ್ಣಿಟ್ಟೆ. ಒಳಗೋಡೆಯಲ್ಲಿ ಮಸಿ ಕಟ್ಟಿತ್ತು. ಮೂಗಿಗೆ ತಂದರೆ ಅದೇ ವಾಸನೆ, ತೋಟದಲ್ಲಿ ಅವತ್ತು ಬೆಳಗ್ಗೆ ಬಂದದ್ದು. "ಒರೆಸಿದ್ದೆ ಸಾರ್" ಎಂದು ಹೇಳಲು ಹೋದವಳು ಪುಸ್ತಕದಲ್ಲಿ ಸಹಿ ಹಾಕಿ ಬಂದೂಕು ತಗೊಂಡು ಹೊರಬಂದೆ. ಹೇಳಿ ಏನು ಮಾಡಲಿ?

ಮನೆಯಲ್ಲಿ ಈಗ ಎಲ್ಲ ತಲೆಕೆಳಗಾಗಿದೆ. ಬಂದೂಕಿಗೆ ಹೆದರುತ್ತಿದ್ದವರು ಆಯುಧಪೂಜೆಯಲ್ಲಿ ತಾವೇ ಅದಕ್ಕೆ ವಿಭೂತಿ ಹಚ್ಚಿ, ಸೇವಂತಿಗೆ ಇಟ್ಟು, "ಮಾವ, ನಿಮ್ಮ ದಯೆ" ಎನ್ನುತ್ತಾರೆ. ಖಾಲಿಯಾದರೆ ಕೋಲಿಗೆ ಸಮ ಎಂದು ಪಾಠ ಮಾಡುತ್ತಿದ್ದ ನಾನು ಆ ಕೋಣೆಗೆ ಹೋಗುವಾಗ ದೀಪ ಹಾಕಿಕೊಂಡು ಹೋಗುತ್ತೇನೆ. ಒಪ್ಪಿಸಿಬಿಡೋಣ ಎಂದು ನಾನು, ಕೂಡದು ಎಂದು ಅವರು. ಜೀವ ತೆಗೆಯಲೆಂದೇ ಮಾಡಿದ ವಸ್ತು ಮನೆಯಲ್ಲಿ ಇರಬಾರದೆಂದು ನನ್ನ ಬುದ್ಧಿ ಈಗಲೂ ಹೇಳುತ್ತದೆ. ಎದುರಿಗೆ ಕೂತು ಮೊಸರನ್ನ ಉಣ್ಣುತ್ತಿರುವ ಗಂಡನನ್ನು ನೋಡಿದರೆ ಆ ಮಾತು ಬಾಯಿಗೆ ಬರುವುದಿಲ್ಲ.

ಈಚೆಗೆ ಲೈಸೆನ್ಸ್ ನವೀಕರಣಕ್ಕೆ ಕಚೇರಿಗೆ ಹೋಗಿದ್ದೆವು. ಗುಮಾಸ್ತರು ಕಾಗದದ ಮೇಲೆ ಪೆನ್ನಿಟ್ಟು ತಲೆ ಎತ್ತದೆ ಕೇಳಿದರು: "ಈ ಅವಧೀಲಿ ಬಂದೂಕು ಉಪಯೋಗಿಸಿದ್ದೀರಾ?"

"ಇಲ್ಲ" ಎಂದೆ ನಾನು. "ಹೂಂ, ಒಂದು ಸಲ" ಎಂದರು ಯಜಮಾನರು. ಇಬ್ಬರೂ ಒಂದೇ ಉಸಿರಿಗೆ.

ಗುಮಾಸ್ತರು ತಲೆ ಎತ್ತಿ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಯಾವುದಾದ್ರೂ ಒಂದು ಹೇಳಿ" ಎಂದರು. ನಾನು ಬಾಯಿ ತೆರೆದೆ. ಇಪ್ಪತ್ತು ವರ್ಷ ಮಕ್ಕಳಿಂದ ಉತ್ತರ ಹೊರಡಿಸಿದವಳಿಗೆ ಉತ್ತರ ಹೊರಡಲಿಲ್ಲ. ಗುಮಾಸ್ತರು ಗಂಡಹೆಂಡಿರ ಜಗಳ ಅಂದುಕೊಂಡರೇನೋ, ತಾವೇ ಏನೋ ಬರೆದು ಮುದ್ರೆ ಒತ್ತಿ ಕೊಟ್ಟರು. ಏನು ಬರೆದರು ಎಂದು ನಾನು ಇವತ್ತಿನವರೆಗೂ ಬಿಚ್ಚಿ ನೋಡಿಲ್ಲ.