ಪರದೆಯ ಹಿಂದಿನ ಎಣಿಕೆ

ಎಂಬತ್ತರ ದಶಕದ ನಡುವಿನವರೆಗೂ ನಮ್ಮ ವರ್ಕ್‌ಶಾಪು ಮನೆಯ ಪಡಸಾಲೆಯಲ್ಲೇ ಇತ್ತು. ಶರಣಬಸವೇಶ್ವರ ಗುಡಿಯಿಂದ ಮೂರು ಓಣಿ ಆಚೆ, ಎರಡು ಕೋಣೆಯ ಮನೆ. ಅಪ್ಪ ಸೊಲ್ಲಾಪುರದಲ್ಲಿ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿ ಕಟ್ಟುವ ಕೆಲಸ ಕಲಿತು ಬಂದವರು. ವೈಷ್ಣವರ ಮನೆಯಲ್ಲಿ ಹುಟ್ಟಿ ಕೈಗೆ ತಂತಿಗೆ ಬಳಿಯುವ ವಾರ್ನಿಷ್ ಹಚ್ಚಿಕೊಂಡರೆಂದು ನೆಂಟರು ಅವರನ್ನು ಆಚಾರ್ರು ಎನ್ನುವುದನ್ನು ಬಿಟ್ಟಿದ್ದರು. ಗಿರಾಕಿಗಳು ಬಿಟ್ಟಿರಲಿಲ್ಲ. ಸುಟ್ಟ ಪಂಪಿನ ಮೋಟರುಗಳು ಸುತ್ತಲಿನ ಹಳ್ಳಿಗಳಿಂದ, ಹೆಚ್ಚಾಗಿ ಕಮಲಾಪುರದ ಕಡೆಯ ಬಾಳೆತೋಟಗಳಿಂದ ಬರುತ್ತಿದ್ದವು.

ಊರಿಗೆಲ್ಲ ಅದು ಅಪ್ಪನ ಕೆಲಸ. ಆದರೆ ತಂತಿ ಸುತ್ತುತ್ತಿದ್ದವಳು ಅವ್ವ. ಸುಟ್ಟ ಸುರುಳಿ ಬಿಚ್ಚಿ ಎಷ್ಟು ಸುತ್ತು ಇದ್ದವೆಂದು ಎಣಿಸುವುದು, ಅಷ್ಟೇ ಸುತ್ತಿನ ಹೊಸ ಸುರುಳಿಯನ್ನು ಕಟ್ಟಿಗೆಯ ಅಚ್ಚಿನ ಮೇಲೆ ಸುತ್ತುವುದು ಅವಳ ಪಾಲಿಗೆ ಬಂದಿತ್ತು. ಸುತ್ತು ಹೆಚ್ಚುಕಡಿಮೆಯಾದರೆ ಮೋಟರು ಕಾದು ಸುಟ್ಟುಹೋಗುತ್ತದೆ. ಅವ್ವ ಅಂಕಿ ಹೇಳುತ್ತಿರಲಿಲ್ಲ. ಕೇಶವ, ನಾರಾಯಣ, ಮಾಧವ ಎಂದು ದೇವರ ಇಪ್ಪತ್ತನಾಲ್ಕು ನಾಮಗಳನ್ನು ಗಟ್ಟಿಯಾಗಿ ಹೇಳುತ್ತ ನಾಮಕ್ಕೊಂದು ಸುತ್ತು ಹಾಕುತ್ತಿದ್ದಳು. ಐವತ್ತನಾಲ್ಕು ಸುತ್ತಿನ ಸುರುಳಿಯಾದರೆ ಎರಡು ಸಲ ಪೂರ್ತಿ ಹೇಳಿ, ಮೂರನೆಯ ಸಲ ಮಧುಸೂದನನ ಹತ್ತಿರ ನಿಲ್ಲಿಸಬೇಕು. ಸ್ನಾನವಾಗದೆ ಅವಳು ಅಚ್ಚು ಮುಟ್ಟಿದ್ದನ್ನು ನಾನು ನೋಡಿಲ್ಲ.

ಕಮಲಾಪುರದಲ್ಲಿ ಕೆಂಪು ಬಾಳೆ ಬೆಳೆಯುವ ರೈತನೊಬ್ಬ ನಮ್ಮ ಹಳೆಯ ಗಿರಾಕಿ. ಅವನಿಗೆ ಈ ಲೆಕ್ಕ ಬಾಯಿಪಾಠವಾಗಿತ್ತು. ಹೊಸ್ತಿಲ ಹೊರಗೆ ಕೂತು ಅವ್ವನನ್ನು ಕೇಳುತ್ತಿದ್ದ:

"ಬಾಯಾರ, ಮಧುಸೂದನ ಬಂದ್ನೇನ್ರಿ? ನನ್ನ ಬಸ್ಸು ಹೋಗ್ಲಾಕತ್ತದ."

"ನೀವು ನಡುವ ಬಾಯಿ ಹಾಕಿದ್ರ ಮತ್ತ ಕೇಶವನಿಂದನ ಶುರು ಮಾಡ್ಬೇಕಾಗ್ತದ ಅಣ್ಣಾರ. ಸುಮ್ನ ಕೂಡ್ರಿ."

ವರ್ಕ್‌ಶಾಪು ಮನೆ ಬಿಡಬೇಕೆಂಬ ಮಾತು ಓಣಿಯಿಂದ ಎದ್ದಿತು. ವಾರ್ನಿಷ್ ವಾಸನೆಗೆ ನೆರೆಯವರು ಬೇಸತ್ತಿದ್ದರು. ಮನೆಗೆ ಮೂರು ಫೇಸಿನ ಕರೆಂಟು ಇರಲಿಲ್ಲ. ಕಟ್ಟಿದ ಮೋಟರನ್ನು ಕೈಗಾಡಿಯ ಮೇಲೆ ಹೇರಿಕೊಂಡು ಹಿಟ್ಟಿನ ಗಿರಣಿಗೆ ಒಯ್ದು ಓಡಿಸಿ ನೋಡಬೇಕಿತ್ತು. ನಾನಾಗ ಒಂದು ಸ್ಥಳೀಯ ಪತ್ರಿಕೆಯಲ್ಲಿ ವರದಿಗಾರ. ಬಸ್ ನಿಲ್ದಾಣದ ರಸ್ತೆಯಲ್ಲಿ ಶಟರ್ ಇದ್ದ ಮಳಿಗೆ ಖಾಲಿಯಾಗಿದೆ ಎಂಬ ಸುದ್ದಿ ತಂದವನು ನಾನೇ. ಮಾಲೀಕರನ್ನು ಬಾಡಿಗೆ, ಮೀಟರು, ನೀರು, ಕರಾರಿನ ಅವಧಿ ಎಲ್ಲ ಕೇಳಿದೆ. ಪತ್ರಿಕೆಯ ರದ್ದಿ ಕಾಗದದ ಹಿಂಬದಿಗೆ ಎಲ್ಲವನ್ನೂ ಬರೆದು ಅಪ್ಪನ ಮುಂದಿಟ್ಟೆ. ಅಪ್ಪ ಎರಡು ಸಲ ಓದಿ ಒಪ್ಪಿದರು. ಅವ್ವ ಎಲ್ಲಿ ಕೂಡುತ್ತಾಳೆ ಎಂಬ ಪ್ರಶ್ನೆ ಆ ಕಾಗದದಲ್ಲಿ ಇರಲಿಲ್ಲ.

ಅದನ್ನು ಅವಳೇ ಕೇಳಿದಳು. ಮಳಿಗೆಯ ಪೂಜೆ ಮುಗಿದು ತೆಂಗಿನಕಾಯಿ ಒಡೆದ ಮೇಲೆ, ಗೋಡೆ ನೋಡುತ್ತ.

"ನಾ ಎಲ್ಲಿ ಕೂಡ್ಲಿ?"

"ನೀ ಯಾಕ ಇಲ್ಲಿ?" ಎಂದರು ಅಪ್ಪ. "ಗಂಡಸರು ಓಡಾಡೋ ಜಾಗಾ. ಮನ್ಯಾಗ ಸುತ್ತಿ ಕೊಡು, ನಾ ಸೈಕಲ್ ಮ್ಯಾಲ ತರ್ತೀನಿ."

ಅದು ಒಂದು ತಿಂಗಳೂ ನಡೆಯಲಿಲ್ಲ. ಸೈಕಲ್ಲಿನ ಚೀಲದಲ್ಲಿ ಬಂದ ಸುರುಳಿಗಳು ಸೊಟ್ಟಗಾಗುತ್ತಿದ್ದವು. ಅಚ್ಚಿನ ಅಳತೆಯನ್ನು ಮೋಟರು ಕಣ್ಣಮುಂದೆ ಇಟ್ಟುಕೊಂಡೇ ಹೊಂದಿಸಬೇಕು, ಮೋಟರು ಮಳಿಗೆಯಲ್ಲಿ, ಅವ್ವ ಮನೆಯಲ್ಲಿ. ಕೊನೆಗೆ ಅಪ್ಪ ಮಳಿಗೆಯ ಹಿಂಭಾಗಕ್ಕೆ ಅಡ್ಡಲಾಗಿ ಹಸಿರು ಪರದೆ ಕಟ್ಟಿದರು. ಅವ್ವ ಅಡುಗೆ ಮುಗಿಸಿ ಹನ್ನೊಂದು ಗಂಟೆಗೆ ಬಂದು ಅದರ ಹಿಂದೆ ಕೂಡತೊಡಗಿದಳು. ಅಲ್ಲಿ ಕಿಟಕಿ ಇರಲಿಲ್ಲ. ಹಗಲಿಗೂ ಬಲ್ಬು ಬೇಕಿತ್ತು.

ಮೊದಲ ವಾರ ಮನೆಯಲ್ಲಿ ಹೇಳಿದಂತೆಯೇ ನಾಮ ಹೇಳಿದಳು. ಮುಂದೆ ಬೆಂಚಿನ ಮೇಲೆ ಬೀಡಿ ಸೇದುತ್ತ ಕೂತಿದ್ದ ಒಬ್ಬ ಗಿರಾಕಿ ಪರದೆಯ ಕಡೆ ಕತ್ತು ಚಾಚಿದ.

"ಏನ್ ಆಚಾರ್ರ, ಒಳಗ ಪುರಾಣ ಹಚ್ಚೀರೇನ್ರಿ? ಪ್ರಸಾದ ಎಷ್ಟೊತ್ತಿಗಿ?"

ಬೆಂಚಿನವರೆಲ್ಲ ನಕ್ಕರು. ಅಪ್ಪನೂ ನಕ್ಕರು. ಆಮೇಲೆ ಎದ್ದು ಪರದೆ ಸರಿಸಿ ತಗ್ಗಿದ ದನಿಯಲ್ಲಿ ಹೇಳಿದರು: "ಸ್ವಲ್ಪ ಮನಸಿನಾಗ ಎಣಸು."

ಆ ಹೊತ್ತು ನಾನು ಅಲ್ಲೇ ಇದ್ದೆ. ಅವ್ವ ಅಪ್ಪನ ಮುಖ ನೋಡಲಿಲ್ಲ. ಅಚ್ಚು ತಿರುಗುವ ಕಿರುಗುಟ್ಟುವ ಸದ್ದು ಮಾತ್ರ ಮುಂದುವರಿಯಿತು. ಆ ದಿನದಿಂದ ಪರದೆಯ ಹಿಂದೆ ಒಂದು ನಾಮವೂ ಕೇಳಲಿಲ್ಲ.

ಆ ಬೇಸಿಗೆಯಲ್ಲಿ ಕಮಲಾಪುರದ ರೈತ ತನ್ನ ಮೋಟರು ಕೊಟ್ಟು ಹೋದ. ಕಟ್ಟಿ, ಪಂಪಿಗೆ ಜೋಡಿಸದೆ ಖಾಲಿ ಓಡಿಸಿ ನೋಡಿ ಕಳಿಸಿದೆವು. ಮೂರು ವಾರಕ್ಕೆ ಅದು ಸುಟ್ಟು ವಾಪಸು ಬಂತು. ಅಪ್ಪ ಸುರುಳಿಗಳನ್ನು ಬಿಚ್ಚಿ ಎಣಿಸಿದರು. ಒಂದರಲ್ಲಿ ನಲವತ್ತೊಂಬತ್ತು, ಒಂದರಲ್ಲಿ ಐವತ್ತೇಳು, ಮತ್ತೊಂದರಲ್ಲಿ ಐವತ್ತೆರಡು. ಐವತ್ತನಾಲ್ಕು ಇದ್ದ ಸುರುಳಿ ಅವರ ಕೈಗೆ ಸಿಗಲಿಲ್ಲ. ಎಣಿಸಿದ ತಂತಿಯನ್ನೆಲ್ಲ ಕಾಲಿನಿಂದ ಬೆಂಚಿನ ಕೆಳಗೆ ತಳ್ಳಿದರು.

ರೈತ ನಿಂತೇ ಇದ್ದ. "ಮನ್ಯಾಗ ಕಟ್ಟಿದ್ದು ನಾಕು ವರ್ಷ ಓಡ್ಯಾದ್ರಿ ಆಚಾರ್ರ. ಶಟರ್ ಹಾಕಿದ್ರಿ, ಬೋರ್ಡ್ ಹಚ್ಚಿದ್ರಿ, ಮೂರು ವಾರ ಓಡಿಲ್ಲ. ಎಂಟು ದಿನ ಆತು, ಬಾಳಿಗಿ ಹನಿ ನೀರಿಲ್ಲ."

"ಈ ಸಲ ತಂತಿನೇ ಖರಾಬ್ ಬಂದದ," ಎಂದರು ಅಪ್ಪ.

ಪರದೆ ಸರಿಯಿತು. ಅವ್ವ ಸೆರಗು ಹೊದ್ದು ಹೊರಗೆ ಬಂದಳು. ಆ ಮಳಿಗೆಯಲ್ಲಿ ಗಿರಾಕಿಗಳ ಎದುರು ಅವಳು ನಿಂತದ್ದು ಅದೊಂದೇ ಸಲ.

"ತಂತಿ ಛಲೋ ಅದ ಅಣ್ಣಾರ. ಎಣಿಕಿ ನಂದ ತಪ್ಪ್ಯಾದ."

ಬೆಂಚಿನ ಮೇಲಿದ್ದ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು. ರೈತ ಚಪ್ಪಲಿಯ ಕಡೆ ನೋಡುತ್ತ, "ಇರ್ಲಿ ಬಾಯಾರ, ಆಗ್ತದ," ಎಂದ. ಅವ್ವ ಒಳಗೆ ಹೋಗಿ ತನ್ನ ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ಒಬ್ಬಳೇ ನಡೆದುಕೊಂಡು ಮನೆಗೆ ಹೋದಳು. ಮರುದಿನ ಹನ್ನೊಂದಕ್ಕೆ ಬರಲಿಲ್ಲ. ಅಪ್ಪ ಯಾಕೆ ಎಂದು ಕೇಳಲಿಲ್ಲ. ನಾನೂ ಕೇಳಲಿಲ್ಲ. ಎರಡು ವಾರದಲ್ಲಿ ಹೈದರಾಬಾದಿನಿಂದ ಸುತ್ತು ಎಣಿಸಿ ತೋರಿಸುವ ಮುಳ್ಳಿರುವ ತಂತಿ ಸುತ್ತುವ ಯಂತ್ರ ಬಂತು, ಅದನ್ನು ತಿರುಗಿಸಲು ಪಳಗಿದ ಕೆಲಸಗಾರನೂ ಬಂದ. ಯಂತ್ರ ತಪ್ಪು ಮಾಡುತ್ತಿರಲಿಲ್ಲ. ಅಂಗಡಿ ಕಾಲೂರಿ ನಿಂತಿತು.

ಆ ರೈತನ ಮೋಟರನ್ನು ಅಪ್ಪ ಎರಡನೆಯ ಸಲ ತಾವೇ ತಂತಿ ಸುತ್ತಿ ಕಟ್ಟಿದರು. ತಲುಪಿಸಲು ನಾನು ಟೆಂಪೋದಲ್ಲಿ ಕಮಲಾಪುರಕ್ಕೆ ಹೋದೆ. ತೋಟದ ಎಲೆಗಳು ಅಂಚಿನಿಂದ ಒಣಗಿ ಸುರುಟಿಕೊಂಡಿದ್ದವು. ಗೊನೆ ಹಾಕಿದ ಕೆಲವು ಗಿಡ ನಡುವೆ ಮುರಿದು ಮಲಗಿದ್ದವು. ನೀರು ಬಿದ್ದ ಮೇಲೆ ರೈತ ಕಾಲುವೆಯ ಬದುವಿನ ಮೇಲೆ ಕೂತು ಹೇಳಿದ:

"ಮುಂದಿನ ಸಲ ಅಂಗಡಿಗಿ ಬರಲ್ರಿ. ಸೀದಾ ಮನಿಗೇ ತರ್ತೀನಿ. ಬಾಯಾರಿಗಿ ಹೇಳ್ರಿ."

ಮನೆಗೆ ಬಂದು ಹೇಳಿದೆ. ಅವ್ವ ಜೋಳ ಹಸನು ಮಾಡುತ್ತಿದ್ದಳು. ಕೇಳಿಸಿಕೊಂಡಳು, ಮೊರ ನಿಲ್ಲಿಸಲಿಲ್ಲ.

ಎರಡು ಮಳೆಗಾಲ ಕಳೆದ ಮೇಲೆ ಅವನು ನಿಜವಾಗಿಯೂ ಬಂದ. ಬೆಳಿಗ್ಗೆ ಎಂಟಕ್ಕೆ, ಬಾಡಿಗೆಯ ಗಾಡಿಯಲ್ಲಿ ಮೋಟರು ಹೇರಿಕೊಂಡು. ಅಪ್ಪ ಅಂಗಡಿಗೆ ಹೋಗಿದ್ದರು. ನಾನು ಕಚೇರಿಗೆ ಹೊರಟು ನಿಂತಿದ್ದೆ. ಅವ್ವನ ಸ್ನಾನ, ಪೂಜೆ ಆಗಿತ್ತು. ಒಂದು ಅಚ್ಚು ತಂದುಕೊಟ್ಟರೆ ಸಾಕು, ಕೂಡುತ್ತಾಳೆ ಎಂದುಕೊಂಡೆ. ಬಾಯಿಬಿಟ್ಟು ಹೇಳಿಯೂ ಹೇಳಿದೆ: "ಅವ್ವಾ, ಇದೊಂದು ಸುತ್ತಿ ಕೊಡು. ಅಂಗಡಿಂದ ಅಚ್ಚು ನಾ ತರ್ತೀನಿ."

ಅವಳು ರೈತನಿಗೆ ತಂಬಿಗೆಯಲ್ಲಿ ನೀರು ಕೊಟ್ಟಳು.

"ಅಂಗಡಿಗೇ ಒಯ್ರಿ ಅಣ್ಣಾರ. ಅಲ್ಲಿ ಮಶೀನ್ ಬಂದದ. ಛಲೋ ಎಣಸ್ತದ."

"ನಿಮ್ಮ ಕೈಲೇ ಆಗ್ಲಿ ಅಂತ ಇಷ್ಟು ದೂರ ಬಂದೀನ್ರಿ ಬಾಯಾರ."

"ಈಗ ಆಗೂದಿಲ್ರಿ ನನಗ."

ಅವನು ಇನ್ನೊಮ್ಮೆ ಕೇಳಲಿಲ್ಲ. ನೀರು ಕುಡಿದು ತಂಬಿಗೆಯನ್ನು ಕಟ್ಟೆಯ ಮೇಲಿಟ್ಟ. ಗಾಡಿಯವನಿಗೆ ಕೈಸನ್ನೆ ಮಾಡಿದ. ಓಣಿಯ ತುದಿಯಲ್ಲಿ ಬಲಕ್ಕೆ ಹೊರಳಿದರೆ ನಮ್ಮ ಅಂಗಡಿಯ ರಸ್ತೆ. ಗಾಡಿ ಎಡಕ್ಕೆ ಹೊರಳಿತು. ಅಪ್ಪನಿಗೆ ನಾನು ಅದನ್ನು ಹೇಳಲಿಲ್ಲ.